ಸಂಡರ್‌ಲ್ಯಾಂಡಿನಲ್ಲಿ ಬತ್ತಿ ಹೊಸೆದದ್ದು

ರಾಣೆಬೆನ್ನೂರು ಬಿಡುವ ಮುನ್ನ

ನಮ್ಮ ಯಜಮಾನರಿಗೆ ಇಂಗ್ಲೆಂಡ್ ನೋಡುವ ಆಸೆ ಎಷ್ಟಿತ್ತೋ ನನಗೆ ಗೊತ್ತಿಲ್ಲ. ವಿಮಾನದಲ್ಲಿ ಸಿಗರೇಟು ಸೇದುವಂತಿಲ್ಲ ಎಂದು ತಿಳಿದ ದಿನ ಮಾತ್ರ ಅದರಲ್ಲಿ ಅರ್ಧ ಇಳಿದುಹೋಯಿತು. ಉಳಿದರ್ಧ ಇಳಿಸಿದವಳು ನಮ್ಮ ವಿದ್ಯಾ. ಫೋನಿನಲ್ಲಿ ತನ್ನ ಮೂರು ತಿಂಗಳ ಕೂಸನ್ನು ತೋರಿಸುತ್ತಲೇ, "ದೊಡ್ಡಪ್ಪ, ಬರ್ರಿ. ಆದ್ರ ಸಿಗರೇಟು ಸೇದಿದ ಕೈಯಾಗ ನಾ ಕೂಸಿನ್ನ ಕೊಡಂಗಿಲ್ಲ. ಈಗ ಹೇಳೇನಿ" ಎಂದಳು. ಯಜಮಾನರು ನಕ್ಕರು. ಆಮೇಲೆ ಅಂಗಳಕ್ಕೆ ಹೋಗಿ ಒಂದು ಹಚ್ಚಿದರು.

ವಿದ್ಯಾ ನನ್ನ ತಂಗಿಯ ಮಗಳು. ತಂಗಿಯ ಮನೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಮಾರುಕಟ್ಟೆಯ ಬೆನ್ನಿಗಿರುವ ಓಣಿಯಲ್ಲಿ. ಸುಗ್ಗಿ ಬಂತೆಂದರೆ ಅಲ್ಲಿ ಗಾಳಿಗೂ ಖಾರ. ಹೊರಗಿನವರು ಬಸ್ಸಿಳಿದ ಕೂಡಲೇ ಸೀನಲು ಶುರು ಮಾಡುತ್ತಾರೆ, ಅಲ್ಲಿಯವರು ಅದೇ ಗಾಳಿಯಲ್ಲಿ ಕೂತು ಚಹಾ ಕುಡಿಯುತ್ತಾರೆ. ಈ ಹುಡುಗಿಗೆ ಮಾತ್ರ ಸಣ್ಣಂದಿನಿಂದ ದಮ್ಮು. ನಾಲ್ಕು ವರ್ಷ ತುಂಬಿದಾಗ, ಘಾಟಿಲ್ಲದ ಗಾಳಿ ಸಿಗಲಿ ಎಂದು ತಂಗಿ ಅವಳನ್ನು ತಂದು ನಮ್ಮ ಮನೆಯಲ್ಲಿ ಬಿಟ್ಟಳು. ನಮಗೆ ಮಕ್ಕಳಿರಲಿಲ್ಲ. ಅಲ್ಲಿಂದ ಅವಳು ನಮ್ಮವಳೇ ಆದಳು. ನಮ್ಮಲ್ಲೇ ಓದಿ, ನರ್ಸ್ ಆಗಿ, ಈಗ ಸಂಡರ್‌ಲ್ಯಾಂಡ್ ಎಂಬ ಸಮುದ್ರದ ಊರಿನ ಆಸ್ಪತ್ರೆಯಲ್ಲಿದ್ದಾಳೆ. ಬಾಣಂತನಕ್ಕೆ ತಂಗಿ ಹೋಗಿಬಂದಿದ್ದಳು. ತೊಟ್ಟಿಲಿಗೆ ನಮ್ಮ ಸರದಿ.

ನಮ್ಮಿಬ್ಬರ ಬಾಳು ಹತ್ತಿಯದು. ಯಜಮಾನರು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ದರ್ಜೆ ಹೇಳುವವರಾಗಿದ್ದರು. ಗಾಡಿಯಿಂದ ಚಿಟಿಕೆ ಹತ್ತಿ ಕಿತ್ತು, ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆದು, ಬೆಳಕಿಗೆ ಒಡ್ಡಿ ಒಂದು ಮಾತು ಹೇಳಿದರೆ ಮುಗಿಯಿತು. ನಿವೃತ್ತಿಯಾದರೂ ಕೋಟಿನ ಕಿಸೆಯಲ್ಲಿ ಒಂದು ಮುಷ್ಟಿ ಡಿಸಿಎಚ್ ಎಂಬ ಉದ್ದೆಳೆಯ ಹತ್ತಿ ಇದ್ದೇ ಇರುತ್ತದೆ. ಬಸ್ಸಿಗೆ ಕಾಯುವಾಗ, ಮದುವೆಯ ಪಂಕ್ತಿಯಲ್ಲಿ ಕೂತಾಗ, ಅದನ್ನೇ ಎಳೆಯುತ್ತಿರುತ್ತಾರೆ. ನಾನು ದೀಪದ ಬತ್ತಿ ಹೊಸೆದು ಪೂಜೆ ಸಾಮಾನಿನ ಅಂಗಡಿಗಳಿಗೆ ಕೊಡುವವಳು. ನಮ್ಮಿಬ್ಬರಿಗೂ ಹತ್ತಿಯ ವಿಷಯದಲ್ಲಿ ಸೊಕ್ಕು ಸ್ವಲ್ಪ ಹೆಚ್ಚು ಎಂದು ನಾದಿನಿ ಹೇಳುತ್ತಾಳೆ. ಅವಳು ಹೇಳುವುದು ಖರೆ.

ಬೆಂಗಳೂರು, ದುಬೈ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಮ್ಮ ದೊಡ್ಡ ಸೂಟ್‌ಕೇಸಿನ ತೂಕ ಎರಡು ಕೆಜಿ ಹೆಚ್ಚಾಯಿತು. ಏನಾದರೂ ತೆಗೆಯಿರಿ ಎಂದರು. ಹಿಂದೆ ಸಾಲು ಬೆಳೆಯುತ್ತಿತ್ತು. ಯಜಮಾನರು ಗಾಬರಿಯಲ್ಲಿ ಕೈ ಹಾಕಿ, ಒಳಗಿನ ಅತಿ ದೊಡ್ಡ ಗಂಟನ್ನು ಹೊರಗೆಳೆದು, ಬಿಡಲು ಬಂದು ಬಾಗಿಲ ಹೊರಗೆ ನಿಂತಿದ್ದ ನನ್ನ ಅಣ್ಣನ ಕೈಗಿತ್ತು ಬಂದರು. ಅದು ನನ್ನ ಬತ್ತಿಗಳ ಗಂಟು. ತೊಟ್ಟಿಲಿಗೆಂದು ಒಂದು ತಿಂಗಳು ಕೂತು ಹೊಸೆದದ್ದು. ತೂಕ ನೋಡಿದರೆ ಅಂಕಿ ಕದಲಿರಲಿಲ್ಲ. ಆಮೇಲೆ ಬ್ಯಾಡಗಿ ಖಾರದಪುಡಿಯಲ್ಲಿ ಎರಡು ಪೊಟ್ಟಣ ತೆಗೆದೆವು, ತೂಕ ಸರಿಯಾಯಿತು. ಬತ್ತಿಯ ಗಂಟು ಹಿಡಿದುಕೊಂಡ ಅಣ್ಣ ಅಷ್ಟರಲ್ಲಿ ಕಾರು ಹತ್ತಿ ಹೋಗಿಯಾಗಿತ್ತು. ಮೂವತ್ತೆರಡು ವರ್ಷ ಹತ್ತಿ ತೂಗಿದ ಮನುಷ್ಯ ಭಾರ ಇಳಿಸಲು ಹತ್ತಿಯನ್ನೇ ತೆಗೆದರಲ್ಲ ಎಂದು ನಾನು ದುಬೈತನಕ ನಕ್ಕೆ. ಅವರು ನಗಲಿಲ್ಲ. ಸಿಗರೇಟಿಲ್ಲದೆ ಏಳು ತಾಸಾಗಿತ್ತು.

ದುಬೈಯಲ್ಲಿ ವಿಮಾನ ಬದಲಿಸಬೇಕು. ಅಲ್ಲಿ ಸಿಗರೇಟು ಸೇದುವವರಿಗೆಂದು ಗಾಜಿನ ಕೋಣೆ ಮಾಡಿದ್ದಾರೆ. ಒಳಗೆ ನಾನಾ ದೇಶದ ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ನಿಂತು ಸೇದುತ್ತಾರೆ, ಹೊರಗಿನಿಂದ ನಾವು ನೋಡುತ್ತೇವೆ. ಯಜಮಾನರು ಓಡುನಡಿಗೆಯಲ್ಲಿ ಒಳಹೊಕ್ಕರು. ಬರುವಾಗ ಕಣ್ಣು ಕೆಂಪಗೆ, ಮೊದಲ ಸಲ ಬ್ಯಾಡಗಿಯಲ್ಲಿ ಬಸ್ಸಿಳಿದವರ ಹಾಗೆ. ಒಳಗೆ ಹಚ್ಚುವ ಜರೂರೇ ಇಲ್ಲ, ಉಸಿರು ಎಳೆದರೆ ಸಾಕು ಎಂದರು. ಇದೇ ಕೊನೆಯದು ಎಂದೂ ಹೇಳಿದರು. ಆ ಮಾತನ್ನು ನಾನು ಮದುವೆಯಾದಾಗಿನಿಂದ ಕೇಳುತ್ತಾ ಬಂದಿದ್ದೇನೆ.

ಸಂಡರ್‌ಲ್ಯಾಂಡ್, ಮೊದಲ ದಿನಗಳು

ಬೇಸಿಗೆ ಎಂದು ಹೇಳಿದ್ದರು. ಅವರ ಬೇಸಿಗೆಯಲ್ಲಿ ನಾನು ಎರಡು ಸ್ವೆಟರ್ ಹಾಕಿಕೊಂಡೆ. ಬಿಸಿಲು ಬಂದ ಹತ್ತು ನಿಮಿಷಕ್ಕೆ ಓಣಿಯವರೆಲ್ಲ ಹೊರಗೆ ಬಂದು, ಅಂಗಿ ತೆಗೆದು, ಕುರ್ಚಿ ಹಾಕಿ ಕೂರುತ್ತಾರೆ. ಮೋಡ ಬಂದರೆ ಬೇಸರವಿಲ್ಲದೆ ಒಳಗೆ ಹೋಗುತ್ತಾರೆ. ನಮ್ಮಲ್ಲಿ ಕರೆಂಟು ಬಂದು ಹೋದಂತೆ ಅಲ್ಲಿ ಬಿಸಿಲು ಬಂದು ಹೋಗುತ್ತದೆ. ದಾರಿಯಲ್ಲಿ ನಾನೇ ಅವರಿಗೆ ಡಿಕ್ಕಿ ಹೊಡೆದರೂ ಅವರೇ ಕ್ಷಮೆ ಕೇಳುತ್ತಾರೆ. ಮೂರನೇ ದಿನಕ್ಕೆ ನಾನೂ ಒಂದು ಕಂಬಕ್ಕೆ ಸಾರಿ ಅಂದೆ.

ಕೂಸು ಹಾಲಿನ ಕೆನೆಯಂತಿತ್ತು. ಯಜಮಾನರು ಕೈ ಚಾಚಿದರು. ವಿದ್ಯಾ ಅವರ ಬಲಗೈಯ ಎರಡು ಬೆರಳು ಹಿಡಿದು ಮೂಸಿ ನೋಡಿದಳು, ಅಷ್ಟೇ. ಕೂಸನ್ನು ನನಗೆ ಕೊಟ್ಟಳು. ಸಣ್ಣವಳಿದ್ದಾಗ ಸಾಲಿಯಿಂದ ಬಂದ ಕೂಡಲೇ ಅವರ ಹೆಗಲೇರುತ್ತಿದ್ದವಳು ಹೀಗೆ ಮಾಡಿದ್ದು ನನಗೇ ನೋಡಲಾಗಲಿಲ್ಲ. ಅವರು ಏನೂ ಆಗದವರಂತೆ ಹಿತ್ತಲಿಗೆ ಹೋಗಿ ನಿಂತರು. ಆದರೆ ಅಲ್ಲಿ ಸೇದಿ ಬಂದರೂ ನಡೆಯುವುದಿಲ್ಲ, ಹೊಗೆ ಬಟ್ಟೆಯಲ್ಲಿ, ಉಸಿರಿನಲ್ಲಿ ಉಳಿಯುತ್ತದೆ ಎಂಬುದು ನರ್ಸಮ್ಮನ ಕಾನೂನು. ಭಾನುವಾರ ಸಂಜೆ ನಾಲ್ಕಕ್ಕೆ ತೊಟ್ಟಿಲು. ಅಷ್ಟರಲ್ಲಿ ಬಿಟ್ಟರೆ ದೊಡ್ಡಪ್ಪನೇ ಕೂಸನ್ನು ಎತ್ತಿ ತೊಟ್ಟಿಲಿನ ತನಕ ತರಬೇಕು, ಇಲ್ಲದಿದ್ದರೆ ದೂರ ಕುರ್ಚಿ ಹಾಕಿ ಕೂರಬೇಕು. ಹತ್ತು ದಿನ ಇತ್ತು.

ಒಂದು ದಿನ ಪೂರ್ತಿ ಬಿಟ್ಟರು. ಆ ಒಂದು ದಿನದಲ್ಲಿ ಟಿವಿಯ ಮೇಲೆ ಸಿಟ್ಟು, ಚಹಾದ ಮೇಲೆ ಸಿಟ್ಟು, ಸಮುದ್ರದ ಹಕ್ಕಿಗಳ ಮೇಲೆ ಸಿಟ್ಟು. ಕೊನೆಗೆ ವಿದ್ಯಾಳೇ ಒಂದು ದಾರಿ ಹೇಳಿದಳು. ಅಲ್ಲಿ ಸಿಗರೇಟು ಬಿಡುವವರಿಗೆ ದವಾಖಾನೆಯವರೇ ವೇಪ್ ಎಂಬ ಯಂತ್ರ ಹಿಡಿಸುತ್ತಾರಂತೆ. ಒಳ್ಳೆಯದೇನಲ್ಲ, ಸಿಗರೇಟಿಗಿಂತ ಕೆಟ್ಟದ್ದು ಕಡಿಮೆ, ಕೆಲವು ದಿನದ ಊರುಗೋಲು ಎಂದಳು. ಮನೆಯೊಳಗೆ ಬೇಡ, ಹಿತ್ತಲಲ್ಲಿ ಮಾತ್ರ. ಅದರ ರಸದ ಬಾಟಲಿ ಕೂಸಿಗೆ ವಿಷ, ಕಪಾಟಿನ ಮೇಲಿನ ಖಾನೆಯಲ್ಲಿ ಬೀಗದೊಳಗೆ. ಇನ್ನೊಂದು ಮಾತೂ ಹೇಳಿದಳು: ಅದನ್ನು ನಮ್ಮ ದೇಶಕ್ಕೆ ಒಯ್ಯುವಂತಿಲ್ಲ, ಕಾನೂನು ಒಪ್ಪುವುದಿಲ್ಲ. ಹೋಗುವಾಗ ಊರುಗೋಲು ಇಲ್ಲೇ ಬಿಟ್ಟು ಹೋಗಬೇಕು.

ಡೆನೀಸಳ ಅಂಗಡಿ

ಅಂಗಡಿ ನಡೆಸುವವಳು ಡೆನೀಸ್. ನನ್ನದೇ ವಯಸ್ಸು, ಎರಡೂ ತೋಳಿಗೆ ಹಚ್ಚೆ, ಎಲ್ಲರನ್ನೂ ಮನೆಮಕ್ಕಳ ಹಾಗೆ ಮಾತಾಡಿಸುತ್ತಾಳೆ. ನಮ್ಮ ರಾಣೆಬೆನ್ನೂರಿನ ಬೀಜ-ಔಷಧದ ಅಂಗಡಿಯೊಳಗೆ ಹೊಕ್ಕಂತಾಯಿತು ನನಗೆ: ನೆಲದಿಂದ ಮಾಡಿನ ತನಕ ಸಣ್ಣ ಸಣ್ಣ ಬಾಟಲಿ. ಮಾವು, ಕಲ್ಲಂಗಡಿ, ಕಸ್ಟರ್ಡ್, ಗುಲಾಬಿ, ಇನ್ನೇನೇನೋ. ಸೇದಿ ಬಿಸಾಡುವ ಥರದವು ಅಲ್ಲೀಗ ಬಂದ್ ಆಗಿವೆಯಂತೆ, ಅದಕ್ಕೆ ಎಲ್ಲರೂ ರಸ ತುಂಬಿಕೊಳ್ಳುವ ಟ್ಯಾಂಕಿಗೆ ಬಂದಿದ್ದಾರೆ.

ಟ್ಯಾಂಕ್ ಎಂದರೆ ಹೆಬ್ಬೆರಳುದ್ದದ ಗಾಜಿನ ಕೊಳವೆ. ಮೇಲೆ ಬಾಯಿ, ಕೆಳಗೆ ಬ್ಯಾಟರಿ, ನಡುವೆ ಕಾಯಿಲ್. ಕಾಯಿಲ್ ನನಗೆ ಹೊಸದೇನಲ್ಲ. ಹಿಂದೆ ನಮ್ಮ ಮನೆಯಲ್ಲಿದ್ದ ಕರೆಂಟಿನ ಒಲೆಯಲ್ಲಿ ಕೆಂಪಗೆ ಕಾಯುತ್ತಿತ್ತಲ್ಲ, ಅದೇ ಸುರುಳಿ ತಂತಿ, ಇಲ್ಲಿ ಎಳ್ಳುಕಾಳಿನಷ್ಟು. ಅದರೊಳಗೆ ಹತ್ತಿ. ಹತ್ತಿ ರಸ ಹೀರುತ್ತದೆ, ತಂತಿ ಕಾಯಿಸುತ್ತದೆ, ಆವಿ ಬರುತ್ತದೆ. ವಿದ್ಯಾ ಇದನ್ನು ಬಿಡಿಸಿ ಹೇಳುತ್ತಿದ್ದರೆ ನಾನೂ ಯಜಮಾನರೂ ಮುಖ ಮುಖ ನೋಡಿಕೊಂಡೆವು. ಇದು ದೀಪವೇ ಅಲ್ಲವೇ. ಎಣ್ಣೆ, ಬತ್ತಿ, ಬೆಂಕಿ.

ಮೊದಲು ಅವರು ಅಂಗಡಿಯಲ್ಲೇ ಅತಿ ದೊಡ್ಡ ಟ್ಯಾಂಕಿಗೆ ಕೈ ಹಾಕಿದರು. ಡೆನೀಸ್ ಅಂಗಡಿಯ ಹೊರಗೆ ಕರೆದೊಯ್ದು ಒಂದು ದಮ್ಮು ಎಳೆಸಿದಳು. ಬಂದ ಮೋಡದಲ್ಲಿ ನಮ್ಮ ಯಜಮಾನರು ಸೊಂಟದಿಂದ ಮೇಲೆ ಕಾಣಲಿಲ್ಲ. ಒಳಗಿನಿಂದ ಕೆಮ್ಮು ಮಾತ್ರ ಕೇಳುತ್ತಿತ್ತು. ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ಕ್ಷಮೆ ಕೇಳಿ ಪಕ್ಕಕ್ಕೆ ಸರಿದಳು. ಸಿಗರೇಟಿನಿಂದ ಬಂದವರಿಗೆ ಅದು ಸಲ್ಲ ಎಂದು ಡೆನೀಸ್ ತಿಳಿಸಿದಳು. ಸಣ್ಣ ಬಾಯಿ, ಬಿಗಿ ಎಳೆತ, ನಿಧಾನ ಕಾಯುವ ತಂತಿ ಬೇಕು, ಆಗ ಸಿಗರೇಟಿನ ಹಾಗೆ ಆವಿ ಮೊದಲು ಬಾಯಿಗೆ, ಆಮೇಲೆ ಎದೆಗೆ. ರಸದಲ್ಲಿ ತಂಬಾಕಿನ ರುಚಿಯದು ಕೊಟ್ಟಳು, ಒದ್ದೆ ಗೋಣಿಚೀಲದಂತಿದೆ ಎಂದರು. ಕಸ್ಟರ್ಡ್ ಬೇಡ, ಸಿಹಿ ಹೆಚ್ಚಿದ್ದಷ್ಟೂ ತಂತಿಗೆ ಕರಿ ಬೇಗ ಹಿಡಿಯುತ್ತದೆ ಎಂದು ಅವಳೇ ಬಿಡಿಸಿದಳು. ಕೊನೆಗೆ ಸೋಂಪಿನದು ಸಿಕ್ಕಿತು. ಖಾನಾವಳಿಯಲ್ಲಿ ಉಂಡು ಎದ್ದು ಬಡೇಸೋಪು ಬಾಯಿಗೆ ಹಾಕಿಕೊಂಡಂತೆ ಅವರ ಮುಖ ಅರಳಿತು.

ತೊಡಕು ಬಂದದ್ದು ಕಾಯಿಲ್‌ನಲ್ಲಿ. ಕಾರ್ಖಾನೆಯಿಂದ ಬರುವ ಕಾಯಿಲ್‌ಗೆ ಸುತ್ತ ತಗಡಿನ ಕವಚ, ಹತ್ತಿ ಕಾಣುವುದಿಲ್ಲ. ಕೆಟ್ಟರೆ ಬಿಸಾಡಿ ಹೊಸದು ತಿರುಗಿಸುವುದು. ಯಜಮಾನರು ಅದನ್ನು ಹಿಂದಿರುಗಿಸಿ ಮೇಜಿನ ಮೇಲಿಟ್ಟರು.

"ಹತ್ತಿ ನೋಡದ ನಾ ಎಂದೂ ಒಂದು ಗಾಡಿ ಇಳಿಸಿಕೊಂಡಾಂವಲ್ಲ. ಒಳಗ ಏನೈತಿ ತೋರ್ಸು ಅನ್ನು ಅಕಿಗೆ."

ವಿದ್ಯಾ ನಾಚಿಕೆಯಿಂದ ಹೇಳಿದಳು. ಡೆನೀಸ್ ಒಂದು ಹಳೆ ಕಾಯಿಲ್ ಒಡೆದಳು. ಒಳಗಿನ ಹತ್ತಿ ಕರಕಲಾಗಿತ್ತು. ಹೊಸ ಹತ್ತಿಯ ಪೊಟ್ಟಣ ತೆಗೆದು ಮುಂದಿಟ್ಟಳು. ಯಜಮಾನರು ಚಿಟಿಕೆ ಕಿತ್ತರು, ಹೆಬ್ಬೆರಳ ನಡುವೆ ಎಳೆದರು, ಕಿಟಕಿಯ ಬೆಳಕಿಗೆ ಹಿಡಿದರು. ಕುದಿಸಿದ ಹತ್ತಿ, ಎಳೆ ಮಧ್ಯಮ, ಕಸ ಇಲ್ಲ, ಬಿಳುಪು ಅಡ್ಡಿಯಿಲ್ಲ ಎಂದು ತೀರ್ಪು ಕೊಟ್ಟರು. ಆಮೇಲೆ ಕಿಸೆಯಿಂದ ತಮ್ಮ ಡಿಸಿಎಚ್ ತೆಗೆದು ಎಳೆದು ತೋರಿಸಿದರು. ಎಳೆ ಅದರ ಎರಡರಷ್ಟು. ಡೆನೀಸ್ ಕನ್ನಡಕ ಹಾಕಿಕೊಂಡು ನೋಡಿದಳು. ಇಪ್ಪತ್ತು ವರ್ಷಗಳ ಹಿಂದೆ ಸತ್ತ ತನ್ನ ಅಜ್ಜಿ ನೂಲಿನ ಗಿರಣಿಯಲ್ಲಿದ್ದಳು, ಅವಳೂ ಹೀಗೇ ಎಳೆಯುತ್ತಿದ್ದಳು ಎಂದಳು. ಅಲ್ಲಿಂದ ಅವರಿಬ್ಬರೂ ಭಾಷೆಯಿಲ್ಲದೆ ದೋಸ್ತಿಗಳಾದರು. ಕೈಯಿಂದಲೇ ಹತ್ತಿ ಬದಲಿಸುವ, ತೆರೆದ ಕಾಯಿಲಿನ ಟ್ಯಾಂಕೊಂದನ್ನು ಅವಳು ಒಳಗಿನಿಂದ ತಂದು ಕೊಟ್ಟಳು. ಹೊಸಬರಿಗೆ ಅದನ್ನು ಕೊಡುವುದಿಲ್ಲವಂತೆ.

ಅಡುಗೆಮನೆಯ ಕಟ್ಟೆ

ಅದರ ಆರೈಕೆ ಒಂದು ಆಕಳಿನದಷ್ಟು. ದಿನ ಬಿಟ್ಟು ದಿನ ಟ್ಯಾಂಕ್ ಬಿಚ್ಚಬೇಕು. ಬಾಯಿ, ಗಾಜು, ಬುಡ, ಸಣ್ಣ ರಬ್ಬರಿನ ಉಂಗುರಗಳು, ಎಲ್ಲ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಅರಿವೆಯ ಮೇಲೆ ಹರವಿ ಪೂರ್ತಿ ಒಣಗಿಸಬೇಕು. ಹತ್ತಿ ತೆಗೆದ ಮೇಲೆ ಬರೀ ತಂತಿಯನ್ನು ಕೆಂಪಗೆ ಕಾಯಿಸಿ, ಆರಿದ ಮೇಲೆ ಸಣ್ಣ ಬ್ರಷ್ಷಿನಿಂದ ಕರಿ ಉದುರಿಸಬೇಕು. ಹೊಸ ಹತ್ತಿಯನ್ನು ತಂತಿಯೊಳಗೆ ತೂರಿಸಬೇಕು. ಬಿಗಿಯಾದರೆ ರಸ ಏರುವುದಿಲ್ಲ, ಸಡಿಲಾದರೆ ಸೋರುತ್ತದೆ. ಹತ್ತಿಗೆ ನಾಲ್ಕು ಹನಿ ರಸ ಉಣಿಸಿ, ಟ್ಯಾಂಕ್ ತುಂಬಿ, ಹತ್ತು ನಿಮಿಷ ಸುಮ್ಮನೆ ಕಾಯಬೇಕು. ಕಾಯದೆ ಎಳೆದರೆ ಒಣ ಹತ್ತಿ ಸುಟ್ಟು ಗಂಟಲು ಹರಿಯುತ್ತದೆ.

ಮನೆಯಲ್ಲಿ ಒಂದು ಲೋಟ ಎತ್ತಿಡದ ಮನುಷ್ಯ ಇಷ್ಟನ್ನೂ ಮಾಡಿದರು. ಕನ್ನಡಕ ಮೂಗಿನ ತುದಿಗೆ, ನಾಲಿಗೆ ತುಟಿಯ ಮೂಲೆಗೆ. ನಾನು ಪಕ್ಕದಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಾ ನೋಡುತ್ತಿದ್ದೆ. ಒಂದು ದಿನ ಉಂಗುರವೊಂದು ಕಾಣೆಯಾಯಿತು. ಕಟ್ಟೆ, ನೆಲ, ಸಿಂಕಿನ ಬಾಯಿ ಎಲ್ಲ ಹುಡುಕಿದೆವು. ವಿದ್ಯಾಳ ಗಂಡ ಸಂತೋಷ ಹಾವೇರಿಯ ಹುಡುಗ, ಹಿರಿಯರ ಮುಂದೆ ಗಟ್ಟಿಯಾಗಿ ಉಸಿರಾಡುವವನೂ ಅಲ್ಲ. ಅವನು ಅವಲಕ್ಕಿ ತಿಂದು ಎದ್ದ ತಾಟಿನ ಅಂಚಿನಲ್ಲಿ ಉಂಗುರ ಕೂತಿತ್ತು. ಅರಿವೆ ಝಾಡಿಸಿದಾಗ ನನ್ನ ಒಗ್ಗರಣೆಗೆ ಬಿದ್ದಿರಬೇಕು. ಅವನು ಕರಕಲು ಉಳ್ಳಾಗಡ್ಡಿ ಎಂದುಕೊಂಡು, ಅಗಿದು ನೋಡಿ, ಅತ್ತೆಯ ಮರ್ಯಾದೆ ಉಳಿಸಲು ಸುಮ್ಮನೆ ಬದಿಗಿಟ್ಟಿದ್ದ. ನಾವು ನಕ್ಕ ನಗೆಗೆ ಕೂಸು ಎಚ್ಚರವಾಯಿತು.

ಆರು ದಿನ ಸಿಗರೇಟು ಮುಟ್ಟಲಿಲ್ಲ. ಕೆಮ್ಮು ಕಡಿಮೆಯಾಗಲಿಲ್ಲ, ಆದರೆ ಸಮುದ್ರದ ಹಕ್ಕಿಗಳ ಮೇಲಿನ ಸಿಟ್ಟು ಹೋಯಿತು. ನನಗೆ ಒಳಗೊಳಗೆ ಎಷ್ಟು ಖುಷಿಯಾಗಿತ್ತೆಂದರೆ, ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅಡುಗೆಮನೆಯಲ್ಲಿ ನಾಲ್ಕು ಹೆಜ್ಜೆ ಕುಣಿದೆ. ಕಿಟಕಿಯಾಚೆ ಪಕ್ಕದ ಮನೆಯವ ಕಸದ ಡಬ್ಬಿ ಎಳೆಯುತ್ತಿದ್ದ. ನೋಡಿ ಕೈ ಬೀಸಿದ.

ಭಾನುವಾರ ಬೆಳಿಗ್ಗೆ

ಆ ಖುಷಿಯಲ್ಲೇ ನಾನು ಕೆಲಸ ಕೆಡಿಸಿದೆ.

ತೊಟ್ಟಿಲಿಗೆ ದೀಪ ಹಚ್ಚಬೇಕು, ಬತ್ತಿಯ ಗಂಟು ಅಣ್ಣನ ಮನೆಯಲ್ಲಿದೆ. ಶನಿವಾರ ಕಟ್ಟೆಯ ಮೇಲೆ ಡೆನೀಸಳ ಹತ್ತಿ ಪೊಟ್ಟಣ ಕಂಡಿತು. ಎಷ್ಟು ಬಿಳಿ, ಎಷ್ಟು ಮೆತ್ತಗೆ. ಬತ್ತಿ ಹೊಸೆಯುವವಳ ಕೈಗೆ ಅಂಥ ಹತ್ತಿ ಸಿಕ್ಕರೆ ಸುಮ್ಮನಿರುತ್ತದೆಯೇ. ಚೀಲದಿಂದ ವಿಭೂತಿಯ ಗಟ್ಟಿ ತೆಗೆದು, ಬೆರಳಿಗೆ ಜಾರದಂತೆ ಹಚ್ಚಿಕೊಂಡು, ಪೊಟ್ಟಣ ಖಾಲಿಯಾಗುವ ತನಕ ಹೊಸೆದೆ. ಇಪ್ಪತ್ತೊಂದು ಬತ್ತಿ, ಒಂದೊಂದೂ ಮುತ್ತು.

ಭಾನುವಾರ ಬೆಳಿಗ್ಗೆ ಯಜಮಾನರು ಹಿತ್ತಲಿಂದ ಬಾಯಿ ಒರೆಸಿಕೊಳ್ಳುತ್ತಾ ಬಂದರು. ಕಾಯಿಲಿನ ಹತ್ತಿ ಸುಟ್ಟಿತ್ತು. ಟ್ಯಾಂಕ್ ಬಿಚ್ಚಿ ತೊಳೆದು, ತಂತಿ ಕಾಯಿಸಿ, ಹತ್ತಿಗೆ ಕೈ ಹಾಕಿದರೆ ಪೊಟ್ಟಣ ಖಾಲಿ. ಡೆನೀಸಳ ಅಂಗಡಿಗೆ ಭಾನುವಾರ ರಜೆ. ನಾನು ತಟ್ಟೆಯಲ್ಲಿದ್ದ ಬತ್ತಿಗಳನ್ನು ತೋರಿಸಿ, ಹತ್ತಿ ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದೆ, ನಾನೇ ಹಾಕಿಕೊಡುತ್ತೇನೆ ಎಂದೆ. ಮೂವತ್ತು ವರ್ಷ ಬತ್ತಿ ಮಾಡಿದವಳಿಗೆ ಇದ್ಯಾವ ದೊಡ್ಡ ವಿದ್ಯೆ. ಎರಡು ಬತ್ತಿ ಎತ್ತಿಕೊಂಡು, ತುದಿಯನ್ನು ಇನ್ನೊಮ್ಮೆ ಹುರಿ ಮಾಡಿ ತಂತಿಯೊಳಗೆ ತೂರಿಸಿದೆ. ರಸ ಉಣಿಸಿದೆ. ಹತ್ತು ನಿಮಿಷ ಕಾದೆವು. ರಸ ಬೂದಿ ಬಣ್ಣಕ್ಕೆ ತಿರುಗಿದ್ದು ಇಬ್ಬರಿಗೂ ಕಾಣಲಿಲ್ಲ.

ಅವರು ಹಿತ್ತಲಿಗೆ ಹೋಗಿ ಎಳೆದರು. ಕಣ್ಣು ಹೊರಬಂದವು. ಬಾಗಿ, ಗೋಡೆ ಹಿಡಿದು, ಕೆಮ್ಮಿ, ಉಗುಳಿ, ನೀರು ಕುಡಿದು, ಮತ್ತೆ ಕೆಮ್ಮಿದರು. ಹುರಿ ಬಿಗಿಯಾಗಿ ರಸ ಏರಿರಲಿಲ್ಲ, ಹತ್ತಿ ಒಣಗಿ ಸುಟ್ಟಿತ್ತು, ಮೇಲೆ ವಿಭೂತಿ. ಏನು ಹಾಕಿದಿ ಎಂದು ಕೇಳಿದರು. ನಾನು ಬೆರಳು ನೋಡಿಕೊಂಡೆ, ಬೆಳ್ಳಗಿತ್ತು. ಹೇಳಿದೆ. ಹಣೆಗೆ ಹಚ್ಚುವುದನ್ನು ಎದೆಯೊಳಗೆ ಹಚ್ಚಿದೆಯಲ್ಲ ಎಂದರು. ನನಗೆ ನಗು ಬಂತು. ಅದೇ ತಪ್ಪಾಯಿತು. ಅವರು ಒಳಬಂದು ಟ್ಯಾಂಕನ್ನು ಕಟ್ಟೆಯ ಮೇಲಿಟ್ಟು, ಕೋಟು ಹಾಕಿಕೊಂಡು ಹೊರಟುಹೋದರು. ಓಣಿಯ ತುದಿಯಲ್ಲಿ ಸಿಗರೇಟು ಮಾರುವ ಅಂಗಡಿ ಇದೆ. ಅವರು ಅದರೊಳಗೆ ಹೋಗುವುದನ್ನು ಕಿಟಕಿಯಿಂದ ನೋಡಿದೆ.

ಸಮುದ್ರದ ದಂಡೆ

ವಿದ್ಯಾ ಕೂಸಿಗೆ ಸ್ನಾನ ಮಾಡಿಸುತ್ತಿದ್ದಳು. ಅವಳಿಗೆ ಹೇಳದೆ ನಾನೂ ಚಪ್ಪಲಿ ಮೆಟ್ಟಿಕೊಂಡೆ. ಅಳು ಬರುತ್ತಿತ್ತು. ಆರು ದಿನದ ತಪಸ್ಸನ್ನು ನನ್ನ ಜಂಬ ಸುಟ್ಟುಹಾಕಿತ್ತು.

ಅವರು ದಂಡೆಯ ಬೆಂಚಿನ ಮೇಲೆ ಸಿಕ್ಕರು. ಪಾಕೀಟು ಒಡೆದಿತ್ತು. ಸಿಗರೇಟು ತುಟಿಯಲ್ಲಿತ್ತು, ಕೈಯಲ್ಲಿ ಹೊಸ ಲೈಟರ್. ಆ ಊರಿನ ಗಾಳಿ ದೊಡ್ಡದು. ಕಿಡಿ ಬರುತ್ತಿತ್ತು, ಆರುತ್ತಿತ್ತು. ಕೋಟಿನೊಳಗೆ ತಲೆ ತೂರಿಸಿ ನೋಡಿದರು, ಬೆಂಚಿನ ಕೆಳಗೆ ಬಾಗಿ ನೋಡಿದರು. ಗಾಳ ಹಾಕಿ ನಿಂತಿದ್ದ ಇಬ್ಬರು ಮೀನು ಬಿಟ್ಟು ಇವರನ್ನೇ ನೋಡುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಕೂತ ಮೇಲೆ ತಿಳಿಯಿತು, ನಾನು ಗಾಳಿಗೆ ಅಡ್ಡವಾಗಿ ಕೂತಿದ್ದೆ. ಈ ಸಲ ಉರಿ ಆರದೆ ನಿಂತಿತು.

ಏಳಬೇಕೆನಿಸಿತು. ಏಳಲಿಲ್ಲ. ಬಿಡುವುದಿದ್ದರೆ ಅವರೇ ಬಿಡಬೇಕು, ಗಾಳಿ ಬಿಡಿಸಿದರೆ ಊರಿಗೆ ಹೋದ ಮೇಲೆ ಯಾರು ಬೀಸುತ್ತಾರೆ. ಅವರು ಉರಿಯನ್ನು ನೋಡುತ್ತಾ ಇದ್ದರು. ಸಿಗರೇಟಿನ ತನಕ ತರಲಿಲ್ಲ.

"ಗಿರಿಜಾ, ಅವರವ್ವ ಅಕಿನ್ನ ನಮ್ಮನಿಗೆ ಯಾಕ ತಂದು ಬಿಟ್ಟಿದ್ದಳು?"

ಗೊತ್ತಿದ್ದ ಮಾತೇ. ಚೊಲೊ ಗಾಳಿ ಸಿಗಲಿ ಎಂದು, ಅಂದೆ.

"ನಾ ಅಕಿ ಬಾಜೂಕ ಕುಂತು ಸೇದೀನಿ. ದಮ್ಮು ಎದ್ದಾಗ ದವಾಖಾನಿಗೆ ಎತ್ತಿಕೊಂಡು ಓಡೀನಿ. ಒಳಗ ಮಲಗಿಸಿ, ಹೊರಗ ಬಂದು ಮತ್ತ ಹಚ್ಚೀನಿ. ಅಕಿ ಒಂದು ದಿನಾನೂ ಏನೂ ಅನ್ನಲಿಲ್ಲ."

"ಈಗ ಅಂದಾಳಲ್ರಿ," ಎಂದೆ. "ಇಷ್ಟು ವರ್ಷ ಆದ ಮ್ಯಾಲೆ, ಕೂಸಿನ್ನ ಮುಂದ ಮಾಡಿ ಅಂದಾಳ."

ಲೈಟರ್ ಮುಚ್ಚಿದರು. ತುಟಿಯಿಂದ ಸಿಗರೇಟು ತೆಗೆದು ಪಾಕೀಟಿಗೆ ಸೇರಿಸಿ, ಹತ್ತಿರದ ಕಸದ ಡಬ್ಬಿಯ ತನಕ ನಡೆದು ಹೋಗಿ ಹಾಕಿ ಬಂದರು. ಕಣ್ಣು ಒದ್ದೆಯಾಗಿತ್ತು. ಗಾಳಿಗೆ, ಎಂದರು. ನನ್ನದೂ ಒದ್ದೆಯಾಗಿತ್ತು. ಆಮೇಲೆ ಕಿಸೆಗೆ ಕೈ ಹಾಕಿ ಆ ಮುಷ್ಟಿ ಡಿಸಿಎಚ್ ಹತ್ತಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಕೈ ಸಾಬೂನು ಹಚ್ಚಿ ತೊಳಕೊಂಡು ಮಾಡು."

ತೊಟ್ಟಿಲು

ಹಸಿ ಹತ್ತಿಯಲ್ಲಿ ಮೇಣದಂಥ ಜಿಡ್ಡಿರುತ್ತದೆ, ಹಾಗೇ ಹಾಕಿದರೆ ರಸ ಹೀರುವುದಿಲ್ಲ. ವಿದ್ಯಾಳ ಹಾಲಿನ ಪಾತ್ರೆಯಲ್ಲಿ ಕುದಿಸಿದೆ. ನೀರು ಬಸಿದು ಮತ್ತೆ ಕುದಿಸಿದೆ. ಅವಳು ಕೂದಲು ಒಣಗಿಸುವ ಯಂತ್ರ ಹಿಡಿದು, ಯಾಕೆ ಎಂದು ಕೇಳದೆ ಒಣಗಿಸಿಕೊಟ್ಟಳು. ಯಜಮಾನರು ಟ್ಯಾಂಕ್ ಬಿಚ್ಚಿ ತೊಳೆದರು, ಬರೀ ತಂತಿ ಕಾಯಿಸಿದರು. ವಿಭೂತಿ ಹೊಳೆದು ಉದುರಿತು. ನಾನು ಹತ್ತಿಯನ್ನು ಹೊಸೆಯಲಿಲ್ಲ. ಬಾಚಿ ನೇರ ಮಾಡಿ ತೂರಿಸಿದೆ ಅಷ್ಟೇ. ಹೊಸೆಯದೆ ಬಿಡುವುದು ಎಷ್ಟು ಕಷ್ಟ ಎಂದು ನನ್ನ ಬೆರಳಿಗೇ ಗೊತ್ತು. ಹತ್ತು ನಿಮಿಷ ಕಾದು, ಹಿತ್ತಲಿಗೆ ಹೋಗಿ ಎಳೆದರು. ಬಂದು, ನಮ್ಮ ಕಡೆ ಹತ್ತಿ ಚೊಲೊ ಎಂದರು. ಅಷ್ಟೇ ಹೇಳಿದ್ದು, ಆದರೆ ಮಿಲ್ಲಿನಲ್ಲಿ ಮೊದಲ ದರ್ಜೆಗೆ ಮಾತ್ರ ಹೇಳುತ್ತಿದ್ದ ದನಿಯಲ್ಲಿ.

ಸ್ನಾನ ಮಾಡಿದರು, ಹೊಸ ಅಂಗಿ ಹಾಕಿದರು. ನಾಲ್ಕು ಗಂಟೆಗೆ ಕೆಲವರು ಸೇರಿದರು. ಡೆನೀಸ್ ಕೂಡ ಹೂವು ಹಿಡಿದು ಬಂದಳು. ತಟ್ಟೆಯಲ್ಲಿ ಹತ್ತೊಂಬತ್ತು ದೀಪ ಉರಿಯುತ್ತಿದ್ದವು. ಇವೆಲ್ಲ ನಿನ್ನ ಹತ್ತಿಯೇ ಎಂದು ವಿದ್ಯಾ ಹೇಳಿದಾಗ ಅವಳು ನನ್ನನ್ನು ಅಪ್ಪಿಕೊಂಡಳು. ಹತ್ತೊಂಬತ್ತೇ ಯಾಕೆ ಎಂದು ಯಾರೂ ಕೇಳಲಿಲ್ಲ.

ವಿದ್ಯಾ ಕೂಸನ್ನು ಎತ್ತಿಕೊಂಡು ಬಂದು ಅವರ ಮುಂದೆ ನಿಂತಳು. ಕೈ ಹಿಡಿದು ಅದೇ ಎರಡು ಬೆರಳು ಮೂಸಿದಳು. ಸಂತೆಯಲ್ಲಿ ದರ ಕಾಯುವವರ ಹಾಗೆ ಅವರು ಉಸಿರು ಹಿಡಿದಿದ್ದರು.

"ಬಡೇಸೋಪಿನ ವಾಸನಿ ಬರಾಕತ್ತೈತಿ," ಎಂದಳು, ಕೂಸನ್ನು ಅವರ ತೋಳಿಗೆ ಕೊಟ್ಟಳು.

ಅವರು ಅದನ್ನು ತೊಟ್ಟಿಲಿನ ತನಕ ಒಯ್ಯಬೇಕಿತ್ತು. ನಾಲ್ಕೇ ಹೆಜ್ಜೆ. ಕೋಣೆ ತುಂಬ ಸುತ್ತು ಹಾಕಿದರು. ಕಿವಿಯಲ್ಲಿ ಕುರ್ರ್ ಎಂದು ಹೆಸರು ಕರೆಯಲು ಕಾದ ಹೆಂಗಸರು ಕಾಯುತ್ತಲೇ ಇದ್ದರು. ತುಂಗಾ ಎಂದು ಹೆಸರಿಟ್ಟೆವು.

ಮರಳಿ

ಹೊರಡುವ ಹಿಂದಿನ ದಿನ ಅವರು ಟ್ಯಾಂಕನ್ನು ಕೊನೆಯ ಸಲ ಬಿಚ್ಚಿ, ತೊಳೆದು, ಉಂಗುರ ಎಣಿಸಿ, ಒಣಗಿಸಿ ಡೆನೀಸಳಿಗೆ ಒಪ್ಪಿಸಿದರು. ಅವಳು ಬದಲಿಗೆ ಒಂದು ಪೊಟ್ಟಣ ಹತ್ತಿ ಕೊಟ್ಟಳು. ಹತ್ತಿಗೆ ಯಾವ ದೇಶದ ಕಾನೂನೂ ಅಡ್ಡ ಬರುವುದಿಲ್ಲ. ದುಬೈಯ ಗಾಜಿನ ಕೋಣೆಯ ಮುಂದೆ ಬಂದಾಗ ಅವರು ನಿಂತರು. ಪೊಟ್ಟಣ ಒಡೆದು ಒಂದು ಚಿಟಿಕೆ ಕಿತ್ತು ಎಳೆಯುತ್ತಾ, ಒಳಗಿನವರನ್ನು ನೋಡುತ್ತಾ, ಇವರೆಲ್ಲ ಯಾವ ಕೂಸಿನಿಂದ ದೂರ ಇದ್ದಾರೋ ಎಂದರು.

ಈಗ ರಾಣೆಬೆನ್ನೂರಿನಲ್ಲಿ, ಊಟವಾದ ಮೇಲೆ ಕೈ ಚಡಪಡಿಸಿದಾಗಲೆಲ್ಲ ಅವರು ನನ್ನ ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಾರೆ. ಎಷ್ಟು ಹೇಳಿಕೊಟ್ಟರೂ ಬರುವುದಿಲ್ಲ. ಎಳೆ ನೋಡುವ ಕೈ ಬೇರೆ, ಹೊಸೆಯುವ ಕೈ ಬೇರೆ. ಅವರ ಬತ್ತಿ ಒಂದು ಕಡೆ ದಪ್ಪ, ಒಂದು ಕಡೆ ಸಣಕಲು, ಎಣ್ಣೆ ಸರಿಯಾಗಿ ಏರುವುದಿಲ್ಲ, ಹೊಗೆ ಬಿಡುತ್ತದೆ. ಅಂಗಡಿಗೆ ಕೊಡುವಂತಿಲ್ಲ, ನಾನು ದಿನಾ ಸಂಜೆ ನಮ್ಮ ದೇವರ ಜಗಲಿಗೇ ಒಂದು ಹಚ್ಚುತ್ತೇನೆ. ಮೊನ್ನೆ ವಿದ್ಯಾ ಫೋನಿನಲ್ಲಿ ಕೂಸನ್ನು ತೋರಿಸುತ್ತಾ, ದೇವರ ಫೋಟೋ ಯಾಕೆ ಇಷ್ಟು ಕಪ್ಪಾಗಿದೆ, ಮನೆಯಲ್ಲಿ ಯಾರು ಹೊಗೆ ಬಿಡುತ್ತಿದ್ದಾರೆ ಎಂದು ನರ್ಸಮ್ಮನ ದನಿಯಲ್ಲಿ ಕೇಳಿದಳು. ಯಜಮಾನರು ಫೋನನ್ನು ದೀಪದ ಹತ್ತಿರ ಹಿಡಿದು ತೋರಿಸಿದರು. ನಮ್ಮ ಮನೆಯಲ್ಲಿ ಈಗ ಹೊಗೆ ಬಿಡುವುದು ಅವರು ಹೊಸೆದ ಬತ್ತಿ ಒಂದೇ.